ಹನ್ನೆರಡು ಸೆಂಟ್ಸು, ಒಂದು ಬಚ್ಚಲು

ರತೀಶ: ಅಮ್ಮಾ, ಹನ್ನೆರಡ್ ಸೆಂಟ್ಸ್ ಅಂದೇಳಿ ಹಾಕುಕಾತಿಲ್ಲೆ. ಪಹಣಿಯಂಗೆ ಹತ್ತೇ ಇಪ್ಪುದ್.

ನಾನು: ಪಹಣಿ ಬರ್ದವ ಇಲ್ಲ್ ಬಂದ್ ಗುಡ್ಸಿದ್ನಾ? ದಿನಾ ಗುಡ್ಸುದ್ ನಾನ್. ಹನ್ನೆರಡ್ ಇತ್ತ್.

ಮರವಂತೆಯ ಈ ಮನೆ ಮಾರಿ ಬ್ರಹ್ಮಾವರದಲ್ಲಿ ಮಗಳು ವಿನಯಾಳ ಓಣಿಯಲ್ಲೇ ಒಂದು ಸಣ್ಣ ಮನೆ ಕೊಳ್ಳುವುದೆಂದು ನಾನು ನಿಶ್ಚಯ ಮಾಡಿಯಾಗಿತ್ತು. ಕೊಳ್ಳುವವರು ಮರುದಿನವೇ ನೋಡಲು ಬರುವವರಿದ್ದರು. ಬ್ರೋಕರ್ ರತೀಶ ಟೇಪು ಹಿಡಿದು ಅಂಗಳ ಅಳೆಯತೊಡಗಿದ. ಬೇಲಿಯಾಚೆ ನಾದಿನಿ ರಾಜೀವಿ ಅಬ್ಬಲಿಗೆ ಕೊಯ್ಯುತ್ತಿದ್ದಳು. ಗಿಡದಲ್ಲಿ ಹೂವು ಮುಗಿದು ಎಷ್ಟೋ ಹೊತ್ತಾಗಿತ್ತು.

ರತೀಶ: ಅಳ್ದ್ರೆ ಹನ್ನೆರಡೇ ಬತ್ತ್! ಹಾಂಗಾರೆ ಹೆಚ್ಚಿನ ಎರಡ್ ಸೆಂಟ್ಸ್ ಯಾರದ್ದ್?

ನಾನು: ನಂದೇ. ಬೇಲಿ ಒತ್ತಿದ್ದ್ ಅವ್ಳ್. ಸಮ ಅಳ್ದ್ರೆ ಹದಿಮೂರ್ ಬಕ್ಕ್.

ರಾಜೀವಿ: ಹ್ವಾಯ್ ಅತ್ಗೆ! ಎಂತ ಹೇಳ್ತ್ರಿ? ಬೇಲಿ ಒತ್ತಿದ್ದ್ ನಾನಾ?

ರತೀಶ: ಜಗಳ ಬೇಡ. ನಕ್ಷೆಯಂಗೆ ಬಾವಿಯಿಂದ ಹದಿನೆಂಟ್ ಅಡಿಗೆ ಗಡಿಕಲ್ಲ್ ಇತ್ತ್. ಅದೆಲ್ಲ್?

ಹದಿನೆಂಟು ಅಡಿಗೆ ಇದ್ದದ್ದು ನನ್ನ ಬಚ್ಚಲಿನ ಬಾಗಿಲು.

ರಾಜೀವಿ: ಅವ್ರಿಗೆಂತ ನೆನಪಿರತ್ತ್, ರತೀಶಾ? ಮೊನ್ನೆ ಕನ್ನಡಕ ಹಣೆ ಮೇಲಿಟ್ಕಂಡ್ ನನ್ ಮನಿಗೆ ಹುಡ್ಕುಕ್ ಬಂದಿದ್ರ್.

ಕೇಳಿದ್ದೇ ತಡ, ನನಗೆ ಪಿತ್ತ ನೆತ್ತಿಗೇರಿತು.

ನಾನು: ನಂಗ್ ಮರ್ತ್ ಹೋಪುದಾ? ಕೇಣ್! ವಿನಯಾ ಹುಟ್ಟಿ ನಲ್ವತ್ತನೇ ದಿನ, ಸೋಮವಾರ. ಬಚ್ಲ್ ಕಟ್ಟುಕ್ ಅಡ್ಡ ಆತ್ತ್ ಅಂದೇಳಿ ನಿನ್ನಣ್ಣ, ಪುಣ್ಯಾತ್ಮ, ಆ ಕಲ್ಲ್ ಕಿತ್ತದ್ದ್. ಹೊತ್ತದ್ದ್ ಪದ್ದು, ಗೋಪಿ. ಅವ್ರಿಗೆ ಬೆಲ್ಲ-ಅವಲಕ್ಕಿ ಕೊಟ್ಟದ್ದ್ ನಾನ್. ಬಟ್ಟಿ ಒಗುಕೆ ಬಾವಿಕಟ್ಟೆ ಹತ್ರ ಹಾಕ್ಸಿದ್ದ್ ನಾನ್. ಸರ್ವೆಯವ್ರ್ ಕೊರ್ದ ಬಾಣದ ಗುರ್ತಿಗೆ ಸೀರಿ ಹರಿತ್ತ್ ಅಂದೇಳಿ ಕವುಚಿ ಹಾಕ್ಸಿದ್ದೂ...

ಅಲ್ಲಿಗೆ ನಿಲ್ಲಿಸಿದೆ. ರತೀಶನ ಟೇಪು ಸರ್ರನೆ ಒಳಗೆ ಹೋಯಿತು. ರಾಜೀವಿ ಬೇಲಿ ದಾಟಿಯಾಗಿತ್ತು, ಕೈಯಲ್ಲಿ ಹಾರೆ ಬೇರೆ.

ಇಬ್ಬರೂ ಸೇರಿ ಒಗೆಯುವ ಕಲ್ಲು ಮಗುಚಿದರು. ಬಾಣದ ಗುರುತು ನಿನ್ನೆ ಕೊರೆದ ಹಾಗಿತ್ತು.

ರಾಜೀವಿ: ಹಾಂಗಾರೆ ಅತ್ಗೆ, ಮೂವತ್ತೆಂಟ್ ವರ್ಷ ನೀವ್ ಮಿಂದದ್ದ್ ನನ್ ಜಾಗದಂಗೆ!

ನಾನು: ತಿಕ್ಕಿದ್ದೂ ನಾನೇ. ತಕೋ ಬ್ರಶ್. ನಿನ್ ಬಚ್ಲಂಗೆ ಪಾಚಿ ಹಿಡ್ದಿತ್ತ್.

ರತೀಶ: ಅಮ್ಮಾ, ಬಚ್ಲಿಲ್ಲದ ಮನಿ ಯಾರ್ ತಕಂತ್ರ್? ನಾಳೆ ಬಪ್ಪವ್ರಿಗೆ ಮೀಯುಕ್ ಹೊಳೆ ತೋರ್ಸುದಾ?

ನನಗೆ ಬ್ರಹ್ಮಾವರದ ಮನೆ ಕೈತಪ್ಪಿದ ಹಾಗೆಯೇ ಕಂಡಿತು. ರಾಜೀವಿ ಬಚ್ಚಲಿಗೆ ಒಂದು ಸುತ್ತು ಬಂದಳು. ಗೋಡೆ ತಟ್ಟಿದಳು. ಮಾಡು ನೋಡಿದಳು.

ರಾಜೀವಿ: ಹನ್ನೆರಡೇ ಹಾಕ್, ರತೀಶಾ. ಹತ್ತಕ್ಕೆ ಅತ್ಗಿ ಹೆಸ್ರ್, ಎರಡಕ್ಕೆ ನನ್ ಹೆಸ್ರ್. ಒಟ್ಟಿಗೇ ಮಾರುವ.

ನಾನು: ಅಷ್ಟೇ ಅಲ್ದಾ?

ರಾಜೀವಿ: ಮತ್ತೊಂದಿತ್ತ್. ಮಾರುಕ್ ಮುಂಚೆ ನನ್ ಬಚ್ಲಂಗೆ ನಾನೊಂದ್ಸಲ ಬಿಸಿನೀರ್ ಮೀಯ್ಕ್.

ನಾನು: ಮೀಯ್, ಮಾರಾಯ್ತಿ. ಹಂಡಿ ಮಾತ್ರ ನಂದ್. ನನ್ ಹತ್ರ ಕೇಂಡ್ ಮುಟ್ಟ್.