ಶರಾಫತ್ ಅಕ್ಕನ ನಿಶಾಲ್ದಾ ಮತ್ತು ನನ್ನ ಕಿರುಬೆರಳು

ಶರಾಫತ್‌ಖಾನ್ ಮಮಾಜಾನೊವಾ, ವಯಸ್ಸು ಐವತ್ತೆಂಟು. ಮಾರ್ಗಿಲಾನ್ ಪಟ್ಟಣದ ರೇಷ್ಮೆ ನೇಕಾರ ತುರ್ಗುನ್‌ಬಾಯ್ ಅವರ ಪತ್ನಿ, ಗಂಡನ ಮನೆ ಸೇರಿದ ಇಬ್ಬರು ಹೆಣ್ಣುಮಕ್ಕಳ ತಾಯಿ, ನಮ್ಮ ಅತ್ತೆ ಹಾಜರ್‌ಬೀಬಿಯವರ ಹಿರಿಯ ಸೊಸೆ. ಈ ಚಳಿಗಾಲದಲ್ಲಿ, ಅಂಗಳದ ನಲ್ಲಿ ಹೆಪ್ಪುಗಟ್ಟಿದ ವಾರ, ಹೃದಯ ನಿಂತು ತೀರಿಕೊಂಡಳು. ನಾನು ಆಯ್ದಿನ್, ಅದೇ ಮನೆಯ ಕಿರಿಯ ಸೊಸೆ. ಅಕ್ಕತಂಗಿಯರನ್ನು ದೇವರು ಕೊಡುತ್ತಾನೆ, ವಾರಗಿತ್ತಿಯರನ್ನು ಅತ್ತೆ ಆರಿಸುತ್ತಾಳೆ. ನಮ್ಮಿಬ್ಬರನ್ನು ಆರಿಸಿದ ಎರಡು ದಿನಗಳಂದು ಅತ್ತೆಯ ಮನಸ್ಸು ಎರಡು ಬೇರೆ ದಿಕ್ಕಿನಲ್ಲಿತ್ತೆಂದು ಕಾಣುತ್ತದೆ.

ನಾನು ಮದುವೆಯಾದ ಮೇಲೆ ಸಂಜೆ ಶಾಲೆಯಲ್ಲಿ ಓದಿ, ಬಡಾವಣೆಯ ಶಾಲೆಗೆ ಉಪಮುಖ್ಯೋಪಾಧ್ಯಾಯಿನಿಯಾದವಳು. ಬಣ್ಣದ ಉಗುರಿನ ಹುಡುಗಿಯರನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವುದು ನನ್ನ ಕರ್ತವ್ಯಗಳಲ್ಲಿ ಒಂದು. ಆ ಉಗುರುಗಳಿಗೆ ಬಣ್ಣ ಹಚ್ಚಿ ಕಳಿಸುತ್ತಿದ್ದವಳು ಶರಾಫತ್ ಅಕ್ಕ. ಅಂಗಳದ ಅಂಚಿನ ಕರ್ಣಕುಂಡಲದ ಗಿಡಗಳು ಬಲಿತರೆ ಸಾಕು, ಓಣಿಯ ಹೆಣ್ಣುಮಕ್ಕಳೆಲ್ಲ ನಮ್ಮ ಜಗಲಿಯ ಮೇಲೆ ಸಾಲಾಗಿ ಕೂರುವರು. ಅವಳು ಎಲೆಯನ್ನು ಪಟಿಕದ ಜೊತೆ ಅರೆದು, ಒಂದೊಂದು ಉಗುರಿಗೂ ಮೆತ್ತಿ, ಅವರೆ ಎಲೆಯಲ್ಲಿ ಸುತ್ತಿ, ದಾರ ಕಟ್ಟುವಳು. ಬಿಚ್ಚಿದಾಗ ಉಗುರು ಕಿತ್ತಳೆ ಸಿಪ್ಪೆಯ ಬಣ್ಣ.

"ಅಕ್ಕ, ನಾಳೆ ಇವರನ್ನೆಲ್ಲ ನಾನೇ ವಾಪಸ್ ಕಳಿಸ್ಬೇಕಾಗುತ್ತೆ," ಎಂದು ಎಚ್ಚರಿಸುತ್ತಿದ್ದೆ.

"ಕಳಿಸು ಮಾರಾಯ್ತಿ. ಮನೆಗೆ ಬಂದ್ರೆ ಇನ್ನೊಂದು ಸಲ ಗಟ್ಟಿಯಾಗಿ ಹಚ್ತೀನಿ," ಎನ್ನುತ್ತಿದ್ದಳು.

ಕಳೆದ ಶರತ್ಕಾಲದ ಕೊನೆಗೆ, ಗಿಡಗಳನ್ನು ಕೀಳುವ ದಿನ, ನಾನು ಜ್ವರ ಬಂದು ಮಲಗಿದ್ದೆ. ಮೈಮರೆತು ನಿದ್ದೆ. ಎದ್ದು ನೋಡಿದರೆ ಬಲಗೈ ಕಿರುಬೆರಳಿಗೆ ಹಸಿರು ಎಲೆಯ ಟೋಪಿ.

"ಇದೇನು ಮಾಡಿದೆ ಅಕ್ಕ? ನಾಳೆ ಶಾಲೆಗೆ ಹೋಗೋದು ಹೇಗೆ?"

"ಒಂದೇ ಬೆರಳು ಕಣೇ. ಉಳಿದ ಒಂಬತ್ತೂ ಸರ್ಕಾರದ್ದು. ಇದೊಂದು ನಮ್ಮ ಮನೇದು ಇರ್ಲಿ."

ವಿನಿಗರ್‌ನಲ್ಲಿ ತಿಕ್ಕಿದೆ, ಅಡುಗೆ ಸೋಡಾದಲ್ಲಿ ತಿಕ್ಕಿದೆ. ಬಣ್ಣ ಮತ್ತಷ್ಟು ಹೊಳೆಯಿತು. ಅಂದಿನಿಂದ ಮುಷ್ಟಿ ಕಟ್ಟಿಕೊಂಡೇ ಶಾಲೆಗೆ ಹೋದೆ. ಮಕ್ಕಳು ನಾನು ಹೊಡೆಯಲು ಸಿದ್ಧಳಾಗಿ ಬಂದಿದ್ದೇನೆಂದು ಭಾವಿಸಿ ಹಿಂದೆಂದೂ ಇಲ್ಲದಷ್ಟು ಶಿಸ್ತಿನಿಂದ ಇದ್ದರು. ಅಕ್ಕನ ಜೊತೆ ಒಂದು ವಾರ ಮಾತು ಬಿಟ್ಟೆ. ಉಗುರು ಬೆಳೆದಂತೆ ಬಣ್ಣ ಮೇಲೇರಿ ಹೋಗುತ್ತದೆ, ಕತ್ತರಿಸಿ ಬಿಸಾಡಿದರಾಯಿತು ಎಂದು ಕಾದೆ. ಬಣ್ಣ ಅರ್ಧ ಏರುವಷ್ಟರಲ್ಲಿ ಅವಳೇ ಹೋದಳು.

ಆಮೇಲೆ ನಾನು ಆ ಒಂದು ಉಗುರನ್ನು ಕತ್ತರಿಸಲಿಲ್ಲ. ಕಾರಣವನ್ನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಉಪವಾಸದ ತಿಂಗಳು ಮುಗಿಯುವ ಹೊತ್ತಿಗೆ ಬಣ್ಣವೆಂಬುದು ತುದಿಯಲ್ಲಿ ಬಿದಿಗೆ ಚಂದ್ರನಷ್ಟು ಉಳಿದಿತ್ತು.

ಹಬ್ಬದ ಹಿಂದಿನ ದಿನ, ನಮ್ಮ ಕಡೆ ಅರಫಾ ಎಂದು ಕರೆಯುವ ದಿನ, ನಮ್ಮ ಮನೆಯಿಂದ ಓಣಿಯ ಪ್ರತಿ ಮನೆಗೂ ಒಂದು ಬಟ್ಟಲು ನಿಶಾಲ್ದಾ ಹೋಗುವುದು ವಾಡಿಕೆ. ಮೊಟ್ಟೆಯ ಬಿಳಿ, ಸಕ್ಕರೆ ಪಾಕ, ಅಂಟುವಾಳದಂತೆ ನೊರೆಯೇಳುವ ಒಂದು ಬೇರಿನ ಕಷಾಯ, ಇಷ್ಟನ್ನೇ ಕಡೆದು ಕಡೆದು ಹಿಮದಂತೆ ನಿಲ್ಲಿಸುವ ಸಿಹಿ ಅದು. ಮಾಡುತ್ತಿದ್ದವಳು ಶರಾಫತ್ ಅಕ್ಕ. ನಾನು ಪಕ್ಕದ ಒಲೆಯಲ್ಲಿ ಚಹಾ ಕಾಯಿಸುತ್ತ, ಇಷ್ಟು ಸಕ್ಕರೆ ಹಲ್ಲಿಗೆ ಹಾನಿಕರವೆಂದು ವಿವರಿಸುತ್ತಿದ್ದೆ.

"ಈ ಸಲ ನಿಶಾಲ್ದಾ ನಾನು ಮಾಡ್ತೀನಿ," ಎಂದು ನನ್ನ ಗಂಡ ಎರ್ಗಾಶ್ ಅವರಿಗೆ ಘೋಷಿಸಿದೆ.

"ಸಾವಾದ ಮನೆಯಿಂದ ಬಟ್ಟಲು ಹೋಗಲ್ಲ ಕಣೇ, ಸಾವಾದ ಮನೆಗೆ ಬರುತ್ತೆ. ನಾಳೆ ಹಬ್ಬಕ್ಕೆ ಊರೆಲ್ಲ ನಮ್ಮಲ್ಲಿಗೇ ಮಾತಾಡಿಸೋಕೆ ಬರೋದು. ಸೂತಕದ ನೀಲಿ ಬಟ್ಟೆ ತೊಟ್ಟು ಸುಮ್ನೆ ಕೂತ್ಕೋ."

"ಬಟ್ಟಲು ನಿಂತ್ರೆ ಅವಳನ್ನ ಎರಡನೇ ಸಲ ಮಣ್ಣು ಮಾಡಿದ ಹಾಗೆ. ನಾನಿರೋವರೆಗೂ ನಿಲ್ಲಲ್ಲ."

"ಮಾಡೋದು ಗೊತ್ತಾ?"

"ರಸಾಯನಶಾಸ್ತ್ರದಲ್ಲಿ ನನಗೆ ಐದಕ್ಕೆ ಐದು ಬಂದಿತ್ತು."

"ನಿಶಾಲ್ದಾ ಪ್ರಶ್ನೆಪತ್ರಿಕೇಲಿ ಬಂದಿತ್ತಾ ಮೇಷ್ಟ್ರಮ್ಮ?"

ಅಕ್ಕನ ತಾಮ್ರದ ಕೊಪ್ಪರಿಗೆಯನ್ನು ಇಳಿಸಿದೆ, ಅವಳ ಹಿಪ್ಪುನೇರಳೆ ಕಡ್ಡಿಗಳ ಕಡಗೋಲನ್ನು ತೊಳೆದೆ, ಅಂಗಳದ ಮಧ್ಯೆ ಒಲೆ ಹೂಡಿದೆ. ಪಾಕ ಬಂತು, ಬೇರು ಕುದಿಯಿತು, ಮೊಟ್ಟೆಯ ಬಿಳಿ ಸೇರಿತು. ಪಂಚಭೂತಗಳು ವಿದ್ಯಾವಂತರಿಗೆ ವಿಧೇಯವಾಗಿರುವುದನ್ನು ಕಂಡು ನನಗೆ ಸಂತೋಷವೇ ಆಯಿತು. ಕಡೆಯುತ್ತ ಹೋದಂತೆ ಅದು ಬೆಳ್ಳಗೆ, ದಪ್ಪಗೆ, ನಿಜವಾಗಿಯೂ ನಿಶಾಲ್ದಾದಂತೆ ಎದ್ದು ನಿಂತಿತು.

ಇಲ್ಲಿ ಒಂದು ತೊಡಕಿತ್ತು. ಮನೆಮಂದಿಗೆಲ್ಲ ಉಪವಾಸ, ರುಚಿ ನೋಡುವವರಿಲ್ಲ. ಶರಾಫತ್ ಅಕ್ಕ ನಾಲಿಗೆ ತುದಿಗೆ ತಾಗಿಸಿ ಉಗುಳಿಬಿಡುತ್ತಿದ್ದಳು, "ಅಡುಗೆಯವಳಿಗೆ ದೇವರು ಅಷ್ಟು ವಿನಾಯಿತಿ ಕೊಟ್ಟಿದಾನೆ, ನಿನಗೂ ಕೇಳಿ ನೋಡ್ಲಾ?" ಎನ್ನುತ್ತಿದ್ದಳು. ನಾನು ನಿಯಮಕ್ಕೆ ವಿನಾಯಿತಿ ಕೇಳುವವಳಲ್ಲ. ಮನೆಯಲ್ಲಿ ಉಪವಾಸವಿಲ್ಲದವರೆಂದರೆ ಹಾಸಿಗೆ ಹಿಡಿದ ಅತ್ತೆ ಒಬ್ಬರೇ. ಮೊದಲ ಬಟ್ಟಲನ್ನು ಅವರ ಕೈಗಿಟ್ಟು ಅಂಗಳಕ್ಕೆ ಮರಳಿದೆ.

ಕಡಗೋಲನ್ನು ಮತ್ತೆ ಹಿಡಿದಾಗ ಕಣ್ಣು ಬೆರಳಿನ ಮೇಲೆ ಬಿತ್ತು. ಕಿರುಬೆರಳಿನ ತುದಿ ಬೋಳು. ಚಂದ್ರ ಮುರಿದು ಹೋಗಿದ್ದ.

ನಾನು ಕೊಪ್ಪರಿಗೆಯನ್ನು ನೋಡಿದೆ. ಬೆಳ್ಳನೆಯ ನೊರೆಯ ಬೆಟ್ಟ ನನ್ನನ್ನು ನೋಡಿತು. ಓಣಿಯ ಯಾರ ಹಲ್ಲಿಗೆ ಅದು ಸಿಕ್ಕುವುದೋ ಎಂಬ ಭಯ ಒಂದು ಕಡೆ. ಯಾರಿಗೂ ಸಿಗದೆ ಹೋದರೆ ಎಂಬ ಭಯ ಇನ್ನೊಂದು ಕಡೆ. ಎರಡನೆಯದು ದೊಡ್ಡದಾಗಿತ್ತು. ಅಂಗಿಯ ತೋಳು ಮೇಲೇರಿಸಿ ಎರಡೂ ಕೈಗಳನ್ನು ಮೊಣಕೈವರೆಗೆ ಒಳಗಿಳಿಸಿದೆ.

"ಏನೇ ಅದು, ಬಟ್ಟೆ ಒಗೀತಿದ್ದೀಯಾ?" ಎರ್ಗಾಶ್ ಹತ್ತಿರ ಬಂದರು.

"ಏನೋ ಬಿತ್ತು."

"ಉಂಗುರನಾ?"

"ಉಂಗುರ ಅಲ್ಲ."

ಅವರು ನನ್ನ ಕೈಯನ್ನು ನೊರೆಯಿಂದ ಎತ್ತಿ, ಕಿರುಬೆರಳನ್ನು ಒಮ್ಮೆ ನೋಡಿ, ತಮ್ಮ ಅಂಗಿಯ ತೋಳು ಮಡಚಿದರು. ಅಡುಗೆಮನೆಯಿಂದ ತೆಳ್ಳನೆಯ ಬಟ್ಟೆ ತಂದರು. ಕೊಪ್ಪರಿಗೆಯಷ್ಟೂ ನಿಶಾಲ್ದಾವನ್ನು ಸೌಟು ಸೌಟಾಗಿ ಅದರಲ್ಲಿ ಸೋಸಿದೆವು. ಗಂಡ ಹೆಂಡತಿ ಎದುರುಬದುರು ಕುಕ್ಕರಗಾಲಿನಲ್ಲಿ ಕೂತು ಬಟ್ಟೆ ಹಿಂಡುವಾಗ ಪಕ್ಕದ ಮನೆಯ ಬಷಾರತ್ ಗೋಡೆಯ ಮೇಲಿಂದ ಇಣುಕಿ, "ಹಬ್ಬಕ್ಕೆ ಪರದೆ ಒಗೆಯೋದಾ? ಅಷ್ಟು ಸೋಪು ಬೇಕಿರ್ಲಿಲ್ಲ," ಎಂದು ಹೇಳಿ ಹೋದಳು.

ಉಗುರು ಸಿಗಲಿಲ್ಲ. ಸಿಕ್ಕಿದ್ದು ಇಷ್ಟೇ: ಸೋಸಿದ ನಿಶಾಲ್ದಾ ಇಳಿದು ಇಳಿದು ಅಕ್ಕಿ ತೊಳೆದ ನೀರಾಗಿತ್ತು. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ: "ಆಯ್ದಿನ್, ಚೆನ್ನಾಗಿದೆ, ಕಳಿಸು."

ಕಳಿಸುವುದೇನನ್ನು? ನಾನು ಮತ್ತಷ್ಟು ಬೇರು ಕುದಿಸಿ ಸುರಿದೆ. ನಿಲ್ಲಲಿಲ್ಲ. ಇನ್ನಷ್ಟು ಸುರಿದೆ. ಆಗ ಅದು ನಿಂತಿತು, ನಿಂತದ್ದು ಕೂರಲಿಲ್ಲ. ಕೊಪ್ಪರಿಗೆಯ ಅಂಚು ದಾಟಿತು, ಒಲೆಯನ್ನು ನಂದಿಸಿತು, ಜಗಲಿಯ ಕೆಳಗೆ ಬಿಟ್ಟಿದ್ದ ತುರ್ಗುನ್‌ಬಾಯ್ ಭಾವನವರ ಚಪ್ಪಲಿಗಳನ್ನು ಆವರಿಸಿತು.

"ಇದು ನಿಶಾಲ್ದಾ ಅಲ್ಲ ಕಣೇ, ಪ್ರಳಯ," ಎಂದರು ಎರ್ಗಾಶ್, ಚಪ್ಪಲಿಗಾಗಿ ತಡಕಾಡುತ್ತ.

ನಾನು ಗಾಂಭೀರ್ಯ ಬಿಡದೆ ಅದನ್ನು ಬಟ್ಟಲುಗಳಿಗೆ ತುಂಬಿದೆ. ಕಣ್ಣಿಗೆ ಅಕ್ಕನ ಕಾಲದ್ದಕ್ಕಿಂತ ಬೆಳ್ಳಗಿತ್ತು. ಅತ್ತೆ ಚೆನ್ನಾಗಿದೆ ಎಂದದ್ದು ಯಾವುದನ್ನು, ಹೋಗುತ್ತಿರುವುದು ಯಾವುದು ಎಂಬುದನ್ನು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಂಜೆಯ ಬಾಂಗಿಗೆ ಮೊದಲು ಓಣಿಯ ಯಾವ ಮನೆಯೂ ತಪ್ಪದಂತೆ ಇಬ್ಬರೂ ಹಂಚಿ ಬಂದೆವು.

ಬಾಂಗ್ ಕೇಳಿತು. ನೆಲಕ್ಕೆ ಹಾಸಿದ ಊಟದ ಬಟ್ಟೆಯ ಸುತ್ತ ನಾವು ಮೂವರು: ಎರ್ಗಾಶ್, ಭಾವ, ನಾನು. ರೊಟ್ಟಿ ಅದ್ದಿ ಬಾಯಿಗಿಟ್ಟೆ.

ಸಾಬೂನು.

ಅದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಒಳ್ಳೆಯ ಜಾತಿಯ, ನೊರೆ ಹೆಚ್ಚು ಬರುವ ಸಾಬೂನು. ಅದೇ ಕ್ಷಣದಲ್ಲಿ ಓಣಿಯ ಪ್ರತಿಯೊಂದು ಮನೆಯಲ್ಲಿ, ದಿನವಿಡೀ ನೀರೂ ಕುಡಿಯದ ಜನ, ಸತ್ತವಳ ಹೆಸರಿನಲ್ಲಿ ಇದನ್ನೇ ಬಾಯಿಗಿಡುತ್ತಿದ್ದರು. ಎರ್ಗಾಶ್ ನೀರಿನ ಲೋಟ ಹುಡುಕಿದರು. ತುರ್ಗುನ್‌ಬಾಯ್ ಭಾವ ಮಾತ್ರ ತಲೆಯೆತ್ತದೆ ಬಟ್ಟಲು ಪೂರ್ತಿ ಮುಗಿಸಿ, "ಇನ್ನೊಂದು ಸ್ವಲ್ಪ ಹಾಕಮ್ಮ," ಎಂದರು.

ಹಬ್ಬದ ಬೆಳಿಗ್ಗೆ ಹೆಂಗಸರು ಮಾತನಾಡಿಸಲು ಬಂದರು. ಅತ್ತೆಯ ಹಾಸಿಗೆಯ ಸುತ್ತ ಕೂತು, ಕೈಯೆತ್ತಿ ಪ್ರಾರ್ಥಿಸಿ, ಶರಾಫತ್ ಅಕ್ಕನ ಒಂದೊಂದು ಗುಣವನ್ನು ನೆನೆದು ಕಣ್ಣೊರೆಸಿಕೊಂಡರು. ಬಂದವರೆಲ್ಲ ತೊಳೆದ ಬಟ್ಟಲನ್ನು ಹಿಂದಿರುಗಿಸಿದರು. ಒಂದರಲ್ಲಿ ಒಣದ್ರಾಕ್ಷಿ, ಒಂದರಲ್ಲಿ ಅಕ್ರೋಟು. ನಿಶಾಲ್ದಾದ ಬಗ್ಗೆ ಒಬ್ಬರೂ ಚಕಾರವೆತ್ತಲಿಲ್ಲ. ಆ ಮೌನವನ್ನು ನಾನು ಸಹಿಸಲಾರದೆ ಹೋದೆ.

"ನಿನ್ನೆಯದು ಚೆನ್ನಾಗಿರಲಿಲ್ಲ. ನನಗೆ ಗೊತ್ತು," ಎಂದೆ.

ಬಷಾರತ್ ಅಕ್ಕಪಕ್ಕ ನೋಡಿದಳು. "ಬಟ್ಟಲು ತೊಳೆಯೋದು ಮಾತ್ರ ಸುಲಭ ಆಯ್ತು ಟೀಚರ್."

ಯಾರೋ ನಕ್ಕರು. ನೀಲಿ ಬಟ್ಟೆಯ ಸಾವಿನ ಮನೆಯಲ್ಲಿ, ಅಳುತ್ತಿದ್ದ ಹೆಂಗಸರೆಲ್ಲ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು. ಅತ್ತೆಯೂ ನಕ್ಕು, ಕೆಮ್ಮಿ, ಸುಧಾರಿಸಿಕೊಂಡರು. "ಶರಾಫತ್ ಮದುವೆಯಾಗಿ ಬಂದ ವರ್ಷ ಮಾಡಿದ್ದೂ ಸಾಬೂನೇ. ಆಗಲೂ ಈ ಓಣಿ ತಿಂದಿತ್ತು. ನಾನೇ ಕಳಿಸು ಅಂದಿದ್ದೆ. ಆಯ್ದಿನ್, ನಿನ್ನೆ ನೀನು ಮೊದಲು ಕೊಟ್ಟಿದ್ದೇನೋ ಸರಿಯಾಗಿತ್ತಲ್ಲ, ಅದಕ್ಕೇನು ಮಾಡಿದೆ?"

ಅತ್ತೆ ದಿಂಬಿನ ಕೆಳಗಿನಿಂದ ಕರವಸ್ತ್ರ ತೆಗೆದು, ತುದಿಯ ಗಂಟನ್ನು ಬಿಚ್ಚಿ ನನ್ನ ಮುಂದೆ ಹಿಡಿದರು. ಕಿತ್ತಳೆ ಬಣ್ಣದ ಚಂದ್ರ.

"ನನ್ನ ಬಟ್ಟಲಲ್ಲೇ ಇತ್ತು. ನನಗೆ ಹಲ್ಲಿಲ್ಲದ್ದು ಒಳ್ಳೇದಾಯ್ತು."

"ಅತ್ತೆ, ನಾವಿಬ್ಬರೂ ಕೊಪ್ಪರಿಗೆ ಪೂರ್ತಿ ಸೋಸಿದ್ವಿ. ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದರೆ ಹೇಳ್ತಿದ್ದೆ. ನೀನು ಈ ಮನೆಗೆ ಬಂದ ಮೇಲೆ ಯಾರನ್ನಾದ್ರೂ ಏನಾದ್ರೂ ಕೇಳಿದ್ದುಂಟಾ?"

"ಇದು ಏನು ಅಂತ ನಿಮಗೆ ಹೇಗೆ ಗೊತ್ತು?"

"ಹಿಟ್ಟು ನಾದುವಾಗ ನೀನು ಆ ಬೆರಳೊಂದನ್ನ ಎತ್ತಿ ಹಿಡ್ಕೋತಿದ್ದೆ. ಚಳಿಗಾಲವೆಲ್ಲ. ಕುರುಡರಿಗೂ ಗೊತ್ತು," ಎಂದರು ಅತ್ತೆ. ಬಷಾರತ್ ತಲೆಯಾಡಿಸಿದಳು. ಬಾಗಿಲಲ್ಲಿ ಕೂತಿದ್ದ, ನಾನು ಹಿಂದೊಮ್ಮೆ ಶಾಲೆಯಿಂದ ಉಗುರಿಗಾಗಿ ವಾಪಸು ಕಳಿಸಿದ್ದ ಹುಡುಗಿಯ ತಾಯಿಯೂ ತಲೆಯಾಡಿಸಿದಳು.

ಆಗ ನಾನು ಆ ಮನೆಯಲ್ಲಿ ಮೊದಲ ಬಾರಿಗೆ ಕಲಿಯಲೆಂದು ಕೇಳಿದೆ: "ಬೇರು ಎಷ್ಟು ಹಾಕಬೇಕು ಅತ್ತೆ?"

ಅತ್ತೆ ನನ್ನ ಕೈಯನ್ನು ಹಿಡಿದುಕೊಂಡರು. "ನನಗೇನು ಗೊತ್ತು ಮಗಳೇ. ಅದು ಶರಾಫತ್‌ಗೆ ಗೊತ್ತಿತ್ತು."

ಶರಾಫತ್‌ಖಾನ್ ಮಮಾಜಾನೊವಾ ಬಿಟ್ಟು ಹೋದದ್ದು ಇಷ್ಟು: ಈಗಲೂ ಎರಡು ಬಟ್ಟಲಿಗೆ ಚಹಾ ಬಗ್ಗಿಸುವ ಗಂಡ, ತವರಿಗೆ ಬಂದರೆ ಮೊದಲು ಅಡುಗೆಮನೆಗೆ ಹೋಗಿ ನಿಂತುಬಿಡುವ ಇಬ್ಬರು ಹೆಣ್ಣುಮಕ್ಕಳು, ಒಂದು ತಾಮ್ರದ ಕೊಪ್ಪರಿಗೆ (ತಳದಲ್ಲಿ ಹೊಸದಾಗಿ ಹತ್ತಿದ ಕಪ್ಪು ನನ್ನದು), ಹಿಪ್ಪುನೇರಳೆ ಕಡ್ಡಿಗಳ ಕಡಗೋಲು, ಡಬ್ಬಿಯಲ್ಲಿ ಅರ್ಧ ಉಳಿದ ಬೇರು, ಹಳೆಯ ಕಾಲುಚೀಲದ ತುದಿಯಲ್ಲಿ ಕಟ್ಟಿಟ್ಟ ಕರ್ಣಕುಂಡಲದ ಬೀಜ, ಮುಖ ಕಿವುಚದೆ ಸಾಬೂನು ನುಂಗಬಲ್ಲ ಒಂದು ಓಣಿ, ಕರವಸ್ತ್ರದ ಗಂಟಿನಲ್ಲಿ ಒಂದು ಚೂರು ಉಗುರು, ಮತ್ತು ಹತ್ತು ಬೆರಳೂ ಸರ್ಕಾರದ್ದಾಗಿ ಉಳಿದ ಒಬ್ಬ ವಾರಗಿತ್ತಿ.