ಮಾಮಾನ ಸರ್ವಿಸ್ ನಾಯಿ

ನಮ್ಮ ಸೋದರಮಾವಗ ಇರದ ರೋಗ ಇಲ್ಲ ನೋಡ್ರಿ! ಬಿ.ಪಿ. ಐತಿ, ಶುಗರ್ ಐತಿ, ಕಿವಿ ಕೇಳಂಗಿಲ್ಲ, ಕಣ್ಣು ಕಾಣಂಗಿಲ್ಲ. ಆದ್ರ ಇವೆಲ್ಲಾ ಮನಿ ಹೊರಗ ಬಿದ್ದಾಗ ಅಷ್ಟ. ಮನ್ಯಾಗ ಗುಂಡುಕಲ್ಲಿನಂಗ ಇರ್ತಾನ. ಎರಡು ಪ್ಲೇಟ್ ಮಿರ್ಚಿ ಭಜಿ ತಿಂದು, ಮ್ಯಾಲೆ ಚಹಾ ಕುಡದು, ಬಾಜೂ ಮನಿಯವರ ಜಗಳಾ ಗ್ವಾಡಿಗೆ ಕಿವಿ ಹಚ್ಚದನೇ ಕೇಳಿ, ನನಗ ಫೋನ್ ಮಾಡಿ ವರದಿ ಒಪ್ಪಿಸ್ತಾನ. ಇಂಥಾವಗ ರೋಗ ಎಲ್ಲಿಂದ ಬಂದ್ವು ಅಂತೀರಿ? ಹೇಳ್ತೀನಿ ಕೇಳ್ರಿ.

ಮಾಮಾ ಊರು ಬಿಟ್ಟು ಹೈದರಾಬಾದಿನ ಕಾಚಿಗೂಡಾಕ್ಕ ಬಂದು ಮೂವತ್ತು ವರ್ಷ ಆತು. ಮದಿವಿ ಯಾಕ ಆಗಲಿಲ್ಲ ಅಂತ ಕೇಳಿದ್ರ "ಪುರಸೊತ್ತು ಆಗಲಿಲ್ಲವ್ವಾ" ಅಂತಾನ. ಐದನೇ ಫ್ಲೋರಿನ್ಯಾಗ ಅವನೂ, ಅವನ ನಾಯಿ ರಾಜಾನೂ ಇಬ್ರೇ. ರಾಜಾ ಹದಿಮೂರು ವರ್ಷದವ. ಹುಟ್ಟಿದ್ದು ಅದೇ ಓಣಿ ಗಟಾರದ ದಂಡಿ ಮ್ಯಾಲೆ, ಸೊಕ್ಕು ಮಾತ್ರ ನವಾಬಂದು! ಹಿಂಗಿರಬೇಕಾದ್ರ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಲಿಫ್ಟಿಗೆ ಒಂದು ಬೋರ್ಡ್ ಹಚ್ಚಿದ. ನಾಯಿಗಳಿಗೆ ಪ್ರವೇಶ ಇಲ್ಲ. ಕೆಳಗ ಸಣ್ಣ ಅಕ್ಷರದಾಗ, ಸರ್ವಿಸ್ ನಾಯಿಗೆ, ಅಂದ್ರ ಕುರುಡರಿಗೆ, ರೋಗಿಗಳಿಗೆ ಆಸರಾಗೋ ನಾಯಿಗೆ, ಮಾತ್ರ ಮಾಫಿ. ಐದು ಫ್ಲೋರ್ ಹತ್ತೋದು ಆ ಮುದಿ ನಾಯಿ ಕೈಲೆ ಆಗಂಗಿಲ್ಲ, ಅದನ್ನ ಹೊತಗೊಂಡು ಹತ್ತೋದು ಈ ಮುದುಕನ ಕೈಲೆ ಆಗಂಗಿಲ್ಲ. ಲಿಫ್ಟ್ ತಪ್ಪಿದ್ರ ರಾಜಾನ್ನ ಯಾರಿಗರೆ ಕೊಟ್ಟುಬಿಡಬೇಕು. ಮಾಮಾ ಆ ಸಣ್ಣ ಅಕ್ಷರಾನೇ ಗಟ್ಟಿ ಹಿಡಕೊಂಡ.

ಮರುದಿನಾನೇ ಅಮೀರ್‌ಪೇಟ್‌ಗೆ ಹೋದ. ಅಲ್ಲಿ ಕೋಚಿಂಗ್ ಹುಡುಗರಿಗೆ ಐಡಿ ಕಾರ್ಡ್ ಮಾಡಿಕೊಡೋ ಝೆರಾಕ್ಸ್ ಅಂಗಡಿ ಹೆಜ್ಜಿಗೊಂದು. ಅಂಗಡಿಯವ, "ಅಂಕಲ್, ಎಲ್ಲಾ ಖಾನೆ ತುಂಬಬೇಕು, ಇಲ್ಲಂದ್ರ ಕಂಪ್ಯೂಟರ್ ಪ್ರಿಂಟ್ ಕೊಡಂಗಿಲ್ಲ" ಅಂದನಂತ. ಮಾಮಾ ಬಿಡ್ತಾನೇನು? ಹೆಸರು ರಾಜಾ. ತಂದೆಯ ಹೆಸರು, ಮಾಮಾಂದು! ಕೋರ್ಸ್, ಸರ್ವಿಸ್. ಬ್ಯಾಚ್, ಮುಂಜಾನಿದು. ಬ್ಲಡ್ ಗ್ರೂಪ್ ಗೊತ್ತಿರಲಿಲ್ಲ, ಅಲ್ಲೂ ತನ್ನದೇ ಬರಸಿದ. "ಹದಿಮೂರು ವರ್ಷ ನನ್ನ ರಕ್ತಾನೇ ಕುಡದೈತಿ, ಬ್ಯಾರೆ ಯಾವುದಿರತೈತಿ?" ಅಂತ ಕೇಳಿದ. ಫೋಟೋದಾಗ ರಾಜಾ ಮೂರು ಸಲ ಇಂಟರ್‌ವ್ಯೂ ಫೇಲಾದವನಂಗ ಕುಂತಾನ.

ಸಾಲದ್ದಕ್ಕ ಟೇಲರ್ ಕಡೆ ಕೆಂಪು ಅಂಗಿ ಹೊಲಸಿದ. ನಾ ಊರಿಂದ ಬಂದಾಗ ಆ ಅಂಗಿ ಹಾಕಿದ ರಾಜಾನ್ನ ಕರಕೊಂಡು ಸ್ಟೇಷನ್ನಿಗೆ ಬಂದಿದ್ದ. ನನ್ನ ಜೋಡಿ ರೈಲು ಇಳಿದ ಮುದುಕಿಯೊಬ್ಬಳು ನೋಡಿ, "ಯವ್ವಾ, ಇಲ್ಲೆ ನಾಯೀನೂ ಹಮಾಲಿ ಮಾಡ್ತಾವೇನ?" ಅಂದಳು.

"ಛೇ ಛೇ, ಇದು ಆಫೀಸರ್ ಪೋಸ್ಟ್ ಐತ್ರಿ!" ಅಂದ ಮಾಮಾ. ನಾ ಬ್ಯಾಗು ಎತಗೊಂಡು ಅವರು ಯಾರೋ ನಾ ಯಾರೋ ಅನ್ನೋಹಂಗ ಮುಂದ ನಡದೆ.

ಮರುದಿನ ನನಗ ಸೀರಿ ಕೊಡಸಾಕ ಬೇಗಂಪೇಟೆಗೆ ಹೊಂಟ್ವಿ. ರಾಜಾನೂ ಹೊಂಟ. ಅಂಗಡಿ ಬಾಗಲಾಗ ವಾಚ್‌ಮನ್ ತಡದ. "ಏ ಕ್ಯಾ ಸರ್ವಿಸ್ ಕರ್ತಾ ಜೀ?" ಇದು ಏನು ಸೇವಾ ಮಾಡತೈತಿ ಅಂತ ಅವನ ಪ್ರಶ್ನಿ.

"ನನ್ನ ಬಿ.ಪಿ. ಏರಿತಂದ್ರ ಬೊಗಳತೈತಿ" ಅಂತ ಮಾಮಾ ಹಿಂದಿಯೊಳಗ ತಿಳಿಸಿ ಹೇಳಿದ. ರಾಜಾ ಅಲ್ಲೇ ಮೆಟ್ಟಲಾ ಮ್ಯಾಲೆ ಗೊರಕಿ ಹೊಡಿಯಾಕತ್ತಿದ್ದ. "ನೋಡ್ರಿ! ಈಗ ಬಿ.ಪಿ. ನಾರ್ಮಲ್!"

ಎರಡು ದಿನ ಬಿಟ್ಟು ಸೀರಿ ಬದಲಿ ಮಾಡಸಾಕ ಹೋದಾಗ ಅದೇ ವಾಚ್‌ಮನ್. ಮಾಮಾ ಮರತು ಶುಗರ್ ಅಂದುಬಿಟ್ಟ! "ಮೊನ್ನೆ ಬಿ.ಪಿ. ಅಂದಿದ್ರಲ್ಲ?" ಅಂತ ಅವ ಕೇಳಿದ್ರ, "ನಾಯಿಗೆ ಪ್ರಮೋಷನ್ ಆಗೇತಿ" ಅಂದ.

ನನಗ ಸಿಟ್ಟು ಬಂತು. ಆಟೋದಾಗ ಬೈದೆ. "ನಾಚಿಕಿ ಬರಂಗಿಲ್ಲೇನು ಮಾಮಾ? ನಾಳೆ ಖರೇನೇ ಕಣ್ಣಿಲ್ಲದವರು ಖರೇ ನಾಯಿ ಕರಕೊಂಡು ಬಂದ್ರ ಅವರನ್ನೂ ಯಾರೂ ನಂಬಂಗಿಲ್ಲ." ಮಾಮಾ ರಾಜಾನ ತಲಿ ತಿಕ್ಕೋತ ಕುಂತ.

ಐತವಾರ ಸೆಕ್ರೆಟರಿ ಪರೀಕ್ಷಾ ಇಟ್ಟ. ಗೇಟಿನಿಂದ ಲಿಫ್ಟಿನತನಕ ನಾಯೀನೇ ಮಾಮಾನ್ನ ಕರಕೊಂಡು ಬರಬೇಕು, ಇಲ್ಲಂದ್ರ ಇನ್ನ ಮ್ಯಾಲೆ ರಾಜಾಗ ಲಿಫ್ಟ್ ಬಂದ್. ಇಡೀ ಅಪಾರ್ಟ್‌ಮೆಂಟೇ ಪಾರ್ಕಿಂಗಿನ್ಯಾಗ ನೆರದಿತ್ತು. ಮಾಮಾ ಕರಿ ಚಷ್ಮಾ ಏರಿಸಿ, ಕೈಯಾಗ ಬಡಿಗಿ ಹಿಡದು, ಹುಟ್ಟುಕುರುಡನಂಗ ನಿಂತ. ರಾಜಾ ನಾಕು ಹೆಜ್ಜಿ ಇಟ್ಟು ಸೀದಾ ಹೋಗಿ ಒಂದು ಸ್ಕೂಟರಿಗೆ ಢಿಕ್ಕಿ ಹೊಡದ! ಮಂದಿ ಹೊಟ್ಟಿ ಹಿಡಕೊಂಡು ನಕ್ಕರು, ನಾನೂ ನಕ್ಕೆ. ಅಲ್ಲಿಂದ ಹೊಳ್ಳಿ ಕಂಬದ ಕಡೆ ಹೊಂಟ. ಇನ್ನೇನು ಬಡೀಬೇಕು, ಮಾಮಾ ಬಡಿಗಿ ಒಗದು, ಜಿಗದು, ಕಂಬಕ್ಕ ತನ್ನ ಕೈ ಅಡ್ಡ ಹಿಡದ.

"ಸಿಕ್ಕಿಬಿದ್ರಿ! ನಿಮಗ ಕಾಣತೈತಿ!" ಅಂತ ಸೆಕ್ರೆಟರಿ ಚಪ್ಪಾಳಿ ಹೊಡದ.

ಮಾಮಾ ನೆಲದ ಮ್ಯಾಲೆ ಕುಂತ. ಚಷ್ಮಾ ತಗದ. "ಹೌದ್ರಿ, ನನಗ ಕಾಣತೈತಿ. ಇವಗ ಕಾಣಂಗಿಲ್ಲ. ವರ್ಷ ಆತು. ಕಿವೀನೂ ಹೋಗ್ಯಾವ. ಬಿ.ಪಿ.ಗೆ ಗುಳಗಿ ಕೊಡ್ತೀನಿ, ಶುಗರಿಗೆ ದಿನಾ ಎರಡು ಸಲ ಸೂಜಿ ಮಾಡ್ತೀನಿ."

ನಗು ನಿಂತುಹೋತು. ರಾಜಾನ ಕಣ್ಣಾಗ ಬಿಳೇ ಪೊರಿ ಕಟ್ಟಿತ್ತು. ನಾಕು ದಿನ ಒಂದೇ ಮನ್ಯಾಗಿದ್ದು ನಾ ಒಮ್ಮೆರೆ ಅದರ ಮಾರಿ ನೋಡಿರಲಿಲ್ಲ. ನನ್ನ ಮ್ಯಾಲೆ ನನಗೇ ಹೇಸಿಕಿ ಬಂತು. ಸೆಕ್ರೆಟರಿ, "ಪಹಲೇ ಬೋಲ್ನಾ ಥಾ ನಾ ಜೀ, ಮೊದಲೇ ಹೇಳಬೇಕಿತ್ರಿ" ಅಂತ ತಾನೇ ಲಿಫ್ಟಿನ ಬಾಗಲಾ ತಗದು ಹಿಡದ.

ಲಿಫ್ಟಿನ್ಯಾಗ ನನಗ ಅಳು ತಡಿಲಿಲ್ಲ. "ನನಗರೆ ಹೇಳಬಾರದಿತ್ತೇನು ಮಾಮಾ?" ಅಂದೆ.

ಮಾಮಾ ರಾಜಾನ್ನ ಎರಡೂ ಕಾಲ ನಡುವ ಆನಿಸಿ ನಿಂದ್ರಿಸಿಕೊಂಡಿದ್ದ. "ಕುರುಡ ನಾಯಿ ಅಂದ್ರ ಹೊರಗ ಹಾಕ್ರಿ ಅಂತಾರವ್ವಾ. ಕುರುಡ ಮನಷ್ಯಾ ಅಂದ್ರ ಸರದು ಜಾಗಾ ಕೊಡ್ತಾರ. ಅದಕ್ಕ ಇವನ ಜಡ್ಡೆಲ್ಲಾ ನಂದು ಅಂದೆ."