ಸ್ಕಾಲರ್‌ಶಿಪ್ ಕೊಟ್ಟು ಹಳ್ಳಿಗೆ ಕಳಿಸಿದರು

ಸ್ಕಾಲರ್‌ಶಿಪ್ ಸಿಕ್ಕವನಿಗೆ ಮೊದಲ ದಿನ ಹಾರ ಹಾಕುತ್ತಾರೆ. ಎರಡನೆಯ ದಿನದಿಂದ ಅವನ ಪಾಡೇನು ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಅಂಥವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಐವತ್ತರ ದಶಕದಲ್ಲಿ ಬಿ.ಎ. ಮುಗಿಸಿದ ಮೇಲೆ ನನಗೂ ಒಂದು ಸಿಕ್ಕಿತು. ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬನೇ ಇದ್ದು, ಮನೆಮನೆಯ ವಿವರ ಬರೆದು, ಆರು ತಿಂಗಳಿಗೆ ವರದಿ ಕೊಡಬೇಕು. ವರದಿ ಒಪ್ಪಿಗೆಯಾದರೆ ಇನ್ನೊಂದು ವರ್ಷ. ಇಲ್ಲದಿದ್ದರೆ ಟ್ರಂಕು ಎತ್ತಿಕೊಂಡು ಅಪ್ಪನ ಗದ್ದೆಗೆ.

೧. ಹಳ್ಳಿ ಕಂಡವನು

ಆಯ್ಕೆ ಸಮಿತಿಯ ಮುಂದೆ ನಾವು ಮೂರು ಜನ. ನನಗಿಂತ ಮೊದಲು ಹೋದ ಇಬ್ಬರೂ ಗ್ರಾಮಸೇವೆಯ ಬಗ್ಗೆ ಇಂಗ್ಲಿಷಿನಲ್ಲಿ ಅರ್ಧರ್ಧ ಗಂಟೆ ಮಾತಾಡಿ, ಬೆವರು ಒರೆಸಿಕೊಳ್ಳುತ್ತಾ ಹೊರಬಂದರು. ನನ್ನ ಸರದಿ ಬಂದಾಗ ಸಮಿತಿಯ ಹಿರಿಯರಿಗೆ ಆಕಳಿಕೆ ಶುರುವಾಗಿತ್ತು.

"ನೀವು ಹಳ್ಳಿ ನೋಡಿದ್ದೀರೇನ್ರೀ?" ಎಂದರು.

"ನೋಡಿದ್ದೇನೆ ಸಾರ್."

"ಯಾವಾಗ?"

"ಇವತ್ತು ಬೆಳಿಗ್ಗೆ. ಕೆ.ಆರ್. ನಗರದಾಚೆ ಹೊಸ ಅಗ್ರಹಾರದ ಕಡೆಯವನು ಸಾರ್ ನಾನು. ಎಮ್ಮೆ ಹಾಲು ಕರೆದಿಟ್ಟು ಬಂದೆ."

ಮೂವರಿಗೂ ಸ್ಕಾಲರ್‌ಶಿಪ್ ಸಿಕ್ಕಿತು. ಹಳ್ಳಿ ಕಂಡಿದ್ದ ನನ್ನನ್ನು ಹಳ್ಳಿಗೇ ಅಟ್ಟಿದರು. ಹಳ್ಳಿಯನ್ನೇ ಕಾಣದ ಇಬ್ಬರಲ್ಲಿ ಒಬ್ಬನನ್ನು ದಿಲ್ಲಿಗೂ ಇನ್ನೊಬ್ಬನನ್ನು ವಿಲಾಯಿತಿಗೂ ಕಳಿಸಿದರು, ಹಳ್ಳಿಯ ವಿಷಯ ಓದಲು.

೨. ಸಮಾಧಾನ

ಸುದ್ದಿ ತಿಳಿದ ಸಂಜೆ ಪಕ್ಕದ ಮನೆಯ ದೊಡ್ಡಪ್ಪ ಬಂದು ಜಗುಲಿಯ ಮೇಲೆ ಕೂತರು. ಮುಖ ಸಪ್ಪಗಿತ್ತು.

"ಬುಡು ಮಗ, ಮನ್ಸಿಗೆ ಅಚ್ಕೋಬೇಡ" ಎಂದರು.

"ಯಾಕೆ ದೊಡ್ಡಪ್ಪ?"

"ಪಾಸಾದೋರ್ನೆಲ್ಲ ಆಪೀಸ್ಗೆ ತಕ್ಕಂಡ್ರಂತೆ. ನಿನ್ನ ಮಾತ್ರ ಇನ್ನೂ ಓದು ಅಂತವ್ರೆ ಅಂದ್ರೆ ಎಲ್ಲೋ ವಸಿ ಎಡವಿದ್ದೀಯ. ಇನ್ನೊಂದ್ ಕಿತಾ ಕಟ್ಟಿದ್ರೆ ಆಯ್ತದೆ."

ನಾನು ಫಸ್ಟ್ ಕ್ಲಾಸು, ಚೆನ್ನಾಗಿ ಓದಿದ್ದಕ್ಕೇ ಇನ್ನಷ್ಟು ಓದಿಸುತ್ತಿದ್ದಾರೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಹೂಂ ಹೂಂ ಎಂದು ನನ್ನ ಬೆನ್ನು ಸವರಿ ಎದ್ದುಹೋದರು. ಪಕ್ಕದಲ್ಲೇ ಕೂತಿದ್ದ ಅಪ್ಪ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ನಂತಾವಾದ್ರೂ ನಿಜ ಏಳ್ಲಾ. ಯಾವ್ ಸಬ್ಜೆಕ್ಟು ಓಗಿರೋದು?"

೩. ಹುಣಸೂರಿನ ಸಹಿ

ನಿಯಮದ ಪ್ರಕಾರ ನಾನು ಆ ಹಳ್ಳಿ ಬಿಟ್ಟು ಕದಲುವಂತಿಲ್ಲ. ಕದಲಿಲ್ಲ ಎಂಬುದಕ್ಕೆ ಪ್ರತಿ ತಿಂಗಳು ಒಬ್ಬ ದೊಡ್ಡ ಅಧಿಕಾರಿಯ ಎದುರು ಖುದ್ದಾಗಿ ನಿಂತು ಸಹಿ ಮಾಡಿಸಬೇಕು. ಅಂಥ ಅಧಿಕಾರಿ ಇದ್ದದ್ದು ಹುಣಸೂರಿನಲ್ಲಿ. ಎರಡು ಬಸ್ಸು ಬದಲಾಯಿಸಿ ಹೋಗಿ ಕಾಗದ ಮುಂದಿಟ್ಟೆ.

"'ಸದರಿಯವರು ತಿಂಗಳು ಪೂರ್ತಿ ಹಳ್ಳಿಯಲ್ಲೇ ಇರುತ್ತಾರೆ.' ಇದ್ದಿರೇನ್ರೀ?" ಎಂದರು.

"ಇದ್ದೆ ಸಾರ್."

"ಈಗ ಎಲ್ಲಿದ್ದೀರಿ?"

"ಹುಣಸೂರಿನಲ್ಲಿ ಸಾರ್."

"ಮತ್ತೆ ಹೇಗ್ರೀ ಸಹಿ ಹಾಕಲಿ?"

"ಸಹಿಗೋಸ್ಕರವೇ ಬಂದೆ ಸಾರ್. ನೀವು ಹಾಕಿಬಿಟ್ಟರೆ ನಾನು ಬಂದೇ ಇಲ್ಲ ಅಂತ ಆಗುತ್ತೆ."

ಪೆನ್ನಿನ ತುದಿ ಕಚ್ಚಿ, ಸಹಿ ಹಾಕಿದರು. ಕಾಗದ ಚಾಚುತ್ತಾ, "ದೂರದಿಂದ ಬಂದಿದ್ದೀರಿ, ಒಂದು ಕಾಫಿ ತರಿಸೋಣ ಅಂತಿದ್ದೆ. ಏನ್ಮಾಡೋದು, ನೀವು ಇಲ್ಲಿ ಇಲ್ಲವೇ ಇಲ್ಲವಲ್ಲ!" ಎಂದರು. ತಮಾಷೆಗೆ ಅಂದರೇನೋ ಎಂದು ಸ್ವಲ್ಪ ಹೊತ್ತು ಕಾದೆ. ಕಾಫಿ ಬರಲಿಲ್ಲ.

೪. ಹ್ಯಾಂಡ್‌ಪೋಸ್ಟ್‌ನಲ್ಲಿ ಒಂದು ಸಲಾಮು

ಹಳ್ಳಿಯಲ್ಲಿ ನನಗೆ ಕೊಟ್ಟದ್ದು ಊರಾಚೆಯ ಶಾಲೆಗೆ ಅಂಟಿಕೊಂಡಿದ್ದ ಒಂದು ಕೋಣೆ. ಮೇಷ್ಟರು ಸಂಜೆಯಾಗುತ್ತಲೇ ಸೈಕಲ್ ಹತ್ತಿ ತಮ್ಮೂರಿಗೆ ಹೋಗಿಬಿಡುತ್ತಿದ್ದರು. ಊರಿನ ಗಂಡಸರಿಗೆ ಹೊಲ, ಹೆಂಗಸರ ಜೊತೆ ಸುಮ್ಮನೆ ಹರಟೆ ಹೊಡೆಯುವಂತಿಲ್ಲ. ಮಾತಿಲ್ಲದೆ ನಾಲಿಗೆಗೆ ತುಕ್ಕು ಹಿಡಿಯುತ್ತದೇನೋ ಎನಿಸುತ್ತಿತ್ತು. ಅದಕ್ಕೇ ನಿಯಮದ ಕಣ್ಣು ತಪ್ಪಿಸಿ ಶನಿವಾರ ಶನಿವಾರ ಬಸ್ಸು ನಿಲ್ಲುವ ಕೂಡುರಸ್ತೆಯಾದ ಹ್ಯಾಂಡ್‌ಪೋಸ್ಟ್‌ಗೆ ನಡೆದುಹೋಗಿ, ಹೋಟೆಲಿನ ಮೂಲೆಯ ಬೆಂಚಿನಲ್ಲಿ ಕೂತು, ಒಂದು ಕಾಫಿಯನ್ನು ನಾಲ್ಕು ಬಸ್ಸು ಬಂದುಹೋಗುವ ತನಕ ಕುಡಿಯುತ್ತಿದ್ದೆ. ಬಸ್ಸಿಂದ ಇಳಿದವರು ಯಾರನ್ನೋ ಕೂಗಿದರೂ ನಾನು ತಿರುಗಿ ನೋಡುತ್ತಿದ್ದೆ. ಹೊತ್ತು ಹೋಗದಿದ್ದರೆ ನೋಟ್‌ಬುಕ್ ತೆಗೆದು ಏನಾದರೂ ಗೀಚುತ್ತಿದ್ದೆ.

ನಾಲ್ಕನೆಯ ಶನಿವಾರದ ಹೊತ್ತಿಗೆ ನನ್ನ ಬೆಂಚಿಗೆ ಯಾರೂ ಬಂದು ಕೂರುವುದಿಲ್ಲ ಎಂಬುದು ಗಮನಕ್ಕೆ ಬಂತು. ಆ ದಿನವೇ ಒಬ್ಬ ಪೊಲೀಸ್ ಪೇದೆ ನೇರ ನನ್ನ ಮುಂದೆ ಬಂದು ನಿಂತು ಸಲಾಮು ಹೊಡೆದ.

"ಸ್ವಾಮಿ, ತಾವು ಸಿ.ಐ.ಡಿ. ಅಂತ ಓಟ್ಲು ಯಜಮಾನ್ರು ಏಳುದ್ರು. ನನ್ ಇಸ್ಯ ಏನಾರ ಬರ್ದಿದ್ರೆ ವಸಿ ಒಡ್ದಾಕ್ಬುಡಿ."

"ಅಯ್ಯೋ, ನಾನು ಸ್ಕಾಲರ್‌ಶಿಪ್ ಹುಡುಗ ಕಣಪ್ಪ!"

"ಅಂಗೇ ಏಳ್ಬೇಕು ಅಂತ ತಮ್ಗೆ ಆರ್ಡರ್ ಇರ್ತದೆ, ಗೊತ್ತು ಬುಡಿ" ಎಂದು, ಪಕ್ಕದಲ್ಲೇ ಕೂತು ಸಾಹೇಬರ ಕಾಟ, ಹೆಂಡತಿಯ ಕೆಮ್ಮು, ವರ್ಗದ ಚಿಂತೆ ಎಲ್ಲ ಹೇಳಿಕೊಂಡು ಹೋದ. ಆ ತಿಂಗಳಲ್ಲಿ ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಿದವನು ಅವನೊಬ್ಬನೇ.

೫. ಹೆಚ್ಚಿಗೆ ಬಂದ ನಲವತ್ತು ಜನ

ನನ್ನ ನಮೂನೆಯ ಮೊದಲ ಪ್ರಶ್ನೆ, ಮನೆಯಲ್ಲಿ ಎಷ್ಟು ಜನ? ಆ ಊರಿನಲ್ಲಿ ಅದಕ್ಕೇ ಉತ್ತರ ಹುಟ್ಟಲಿಲ್ಲ. ಬದುಕಿರುವವರ ತಲೆ ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ಎಲ್ಲರೂ "ದೇವ್ರು ಕೊಟ್ಟಷ್ಟು" ಎಂದುಬಿಡುತ್ತಿದ್ದರು. ಕೊನೆಗೆ ಮೊದಲನೆಯ ಮನೆಯ ಅಜ್ಜಿಗೆ ನನ್ನ ಮೇಲೆ ಕನಿಕರ ಬಂತು.

"ತಲೆ ಯಾಕ್ಲಾ ಎಣಿಸೀಯೆ? ಸಂಜೆ ಬಂದು ಮುದ್ದೆ ಎಣಿಸ್ಕೋ. ದೊಡ್ಡೋರ್ಗೊಂದು ದೊಡ್ಡದು, ಐಕ್ಳಿಗೊಂದು ಸಣ್ಣದು" ಎಂದಳು.

ಸರಿ, ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತು, "ಇವತ್ತು ಎಷ್ಟು ಮುದ್ದೆ ಅಮ್ಮಾ?" ಎಂದು ಕೇಳುವುದು, ಬರೆದುಕೊಳ್ಳುವುದು. ದಿನಕ್ಕೆ ಒಂದೆರಡು ಮನೆ, ಲೆಕ್ಕ ತಪ್ಪದಿರಲೆಂದು ಪ್ರತಿ ಮನೆಗೂ ಮೂರು ಸಲ. ಎಲ್ಲರೂ ಉಣ್ಣು ಬಾ ಎನ್ನುತ್ತಿದ್ದರು. ನಾನು "ಊಟ ಆಯಿತು" ಎಂದು ಸುಳ್ಳು ಹೇಳಿ ಕೋಣೆಗೆ ಬಂದು, ತಳ ಹಿಡಿದ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳುತ್ತಿದ್ದೆ. ನನ್ನ ವರದಿ ಒಪ್ಪಬೇಕಾಗಿದ್ದ ಪ್ರೊಫೆಸರರ ಆಜ್ಞೆ ಹಾಗಿತ್ತು: ಅಧ್ಯಯನ ಮಾಡುವ ಮನೆಯಲ್ಲಿ ಉಣ್ಣಬಾರದು, ಉಂಡರೆ ಅಭಿಮಾನ ಹುಟ್ಟಿ ಅಂಕಿ ಕೆಡುತ್ತದೆ. ಒಬ್ಬನೇ ಉಣ್ಣುವಾಗ ಎಷ್ಟೋ ಸಲ ಅರ್ಧಕ್ಕೇ ಕೈ ತೊಳೆದುಬಿಡುತ್ತಿದ್ದೆ.

ವರದಿ ಕಳಿಸಿದ ಎರಡು ವಾರಕ್ಕೆ ಪ್ರೊಫೆಸರರ ಕಾಗದ ಬಂತು. ನಲವತ್ತು ಮನೆಯ ಊರು, ಶಾನುಭೋಗರ ಪಟ್ಟಿಗಿಂತ ನಿನ್ನ ಲೆಕ್ಕದಲ್ಲಿ ನಲವತ್ತು ಜನ ಹೆಚ್ಚಿದ್ದಾರೆ, ಎಲ್ಲರೂ ದೊಡ್ಡವರು. ಹಾರನಹಳ್ಳಿ ಕಡೆಯಿಂದ ಕೂಲಿಗೆ ಬಂದವರೋ, ವಯನಾಡಿನಿಂದ ಮರ ಕಡಿಯಲು ಬಂದವರೋ, ಯಾರು ಇವರು? ವಿವರಣೆ ಬಾರದಿದ್ದರೆ ಸ್ಕಾಲರ್‌ಶಿಪ್ ಮುಂದುವರಿಯುವುದಿಲ್ಲ.

ಕಾಗದ ಹಿಡಿದುಕೊಂಡೇ ಅಜ್ಜಿಯ ಮನೆಗೆ ಓಡಿದೆ.

"ಅಜ್ಜಿ, ಶಾನುಭೋಗರ ಪಟ್ಟೀಲಿ ನಿಮ್ಮನೇಲಿ ಆರು ಜನ ದೊಡ್ಡವರು. ಏಳು ದೊಡ್ಡ ಮುದ್ದೆ ಅಂದಿದ್ದಿರಿ. ಏಳನೇದು ಯಾರದು?"

ಅಜ್ಜಿ ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು.

"ನಿಂದೇ ಕಣ್ ಮಗ. ಸಂಜೆ ಮುದ್ದೆ ಕಟ್ಟೋ ಒತ್ಗೇ ಬಂದು ಎಷ್ಟ್ ಮುದ್ದೆ ಅಂತ ಕೇಳೋನು ಅಸ್ದಿರ್ದೆ ಇರ್ತಾನಾ? ಬಾಯ್ ಬುಟ್ಟು ಕೇಳಾಕೆ ನಾಚ್ಕೆ ಅಂದ್ಕಂಡೋ. ಇವತ್ ಯಾರ್ ಮನೇಗ್ ಬತ್ತೀಯೋ ಏನ್ ಗೊತ್ತು? ಎಲ್ರೂ ಒಂದೊಂದು ಮಡಗ್ತಾರೆ."

"ಮಿಕ್ಕಿದ್ದನ್ನ ಏನು ಮಾಡ್ತಿದ್ದಿರಿ?"

"ನಾಯ್ಗಾಕ್ತಿದ್ದೋ. ನಿನ್ ದೆಸೆಯಿಂದ ಊರ್ ನಾಯೆಲ್ಲ ಕೊಬ್ಬೋಗವೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಯಾರೂ ಇಲ್ಲ ಎಂದು ಕೋಣೆಯಲ್ಲಿ ಕೂತು ಕೊರಗಿದವನು ಲೆಕ್ಕದಲ್ಲಿ ನಲವತ್ತು ಜನ ಆಗಿದ್ದೆ! ಆ ನಲವತ್ತೂ ನಾನೇ ಎಂದು ಪ್ರೊಫೆಸರರಿಗೆ ಬರೆದೆ. ಅವರ ಉತ್ತರ ಒಂದು ಕಾರ್ಡಿನಲ್ಲಿ ಬಂತು: "ನಲವತ್ತನ್ನೂ ಕಳೆದು ವರದಿ ಒಪ್ಪಿದ್ದೇನೆ. ಇನ್ನು ಮೇಲೆ ಉಣ್ಣು. ನೀನು ಉಣ್ಣದಿದ್ದರೆ ಜನಸಂಖ್ಯೆ ಏರುತ್ತದೆ."

ಅಂದು ಸಂಜೆ ನೋಟ್‌ಬುಕ್ ಇಲ್ಲದೆ ಹೋಗಿ ಅಜ್ಜಿಯ ಮನೆಯವರ ಸಾಲಿನಲ್ಲಿ ಕೂತೆ. ಬಿಸಿ ಮುದ್ದೆ, ಉಪ್ಸಾರು. ಯಾರೂ ಏನೂ ಕೇಳಲಿಲ್ಲ, ಅಜ್ಜಿ ಮಾತ್ರ "ಇನ್ನೊಂದು ಆಕ್ಲಾ?" ಎಂದಳು. ನಾನು ತಲೆಯಾಡಿಸಿದೆ. ಹೊಸ್ತಿಲಾಚೆ ಅವರ ನಾಯಿ ಕೂತು ನನ್ನನ್ನೇ ನೋಡುತ್ತಾ ಗುರ್ ಎನ್ನುತ್ತಿತ್ತು. ಆ ಊರಿನಲ್ಲಿ ನನ್ನನ್ನು ಹೊರಗಿನವನು ಎಂದುಕೊಂಡದ್ದು ಅದೊಂದೇ.